ಮಾಜಿ ಸೈನಿಕರ ಬೆನ್ನುನೋವು: ಮೇಲ್ಮನವಿಗೆ ಯಾವ ಕಾಗದ ಬೇಕು?

ಪ್ರಶ್ನೆ: ಸೇನೆಯಲ್ಲಿ 22 ವರ್ಷ ದುಡಿದು ಹವಾಲ್ದಾರನಾಗಿ ನಿವೃತ್ತನಾದೆ. ಗುಡ್ಡಗಾಡಿನ ಪೋಸ್ಟಿಂಗ್‌ನಲ್ಲಿ ಭಾರ ಹೊರುವಾಗ ಸೊಂಟದ ಡಿಸ್ಕ್ ಜಾರಿತು. ಈಗ ಎಡಗಾಲು ಜೋಮು ಹಿಡಿಯುತ್ತದೆ, ಕಬ್ಬಿಗೆ ನೀರು ಹಾಯಿಸಲೂ ಆಗದು. ನಿವೃತ್ತಿ ವೇಳೆಯ ವೈದ್ಯಕೀಯ ಮಂಡಳಿ ಶೇ 20 ಅಂಗವೈಕಲ್ಯ ಎಂದು ಬರೆದರೂ ಅದು ಸೇವೆಯಿಂದ ಬಂದದ್ದಲ್ಲ ಎಂದಿದೆ. ಹೊಸ ಎಂಆರ್‌ಐ ಮಾಡಿಸಿ ಮೇಲ್ಮನವಿ ಹಾಕಲೇ?
– ಮಾಜಿ ಸೈನಿಕ, ಮೂಡಲಗಿ ತಾಲ್ಲೂಕು

ಉತ್ತರ: ಮೇಲ್ಮನವಿ ಖಂಡಿತ ಹಾಕಿ. ಎಂಆರ್‌ಐಗೆ ದುಡ್ಡು ಹಾಕುವ ಅವಸರ ಬೇಡ. ನಿಮಗೆ ಅಡ್ಡಿಯಾಗಿರುವುದು ಶೇಕಡಾವಾರು ಅಲ್ಲ, ಪಿಂಚಣಿಗೆ 20 ಸಾಕು. ಕಾಯಿಲೆ ಸೇವೆಯಿಂದ ಬಂತು ಅಥವಾ ಉಲ್ಬಣಿಸಿತು ಎಂಬುದನ್ನು ಅವರು ಒಪ್ಪಿಲ್ಲ. ಅದನ್ನು ಇವತ್ತಿನ ಎಂಆರ್‌ಐ ಹೇಳಲಾರದು. ನಲವತ್ತು ದಾಟಿದ ಎಷ್ಟೋ ಜನರ ಡಿಸ್ಕ್ ಸವೆದೇ ಇರುತ್ತದೆ. ನೋವು ಶುರುವಾದ ಕಾಲದ ಎಂಐ ರೂಮಿನ ಚೀಟಿ, ಮಿಲಿಟರಿ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಮೆಡಿಕಲ್ ಕೆಟಗರಿ ಇಳಿಸಿದ ದಾಖಲೆ ಹುಡುಕಿ. ಮಂಡಳಿಯ ಪೂರ್ತಿ ನಡಾವಳಿ ಇಲ್ಲದಿದ್ದರೆ ನಿಮ್ಮ ರೆಕಾರ್ಡ್ಸ್ ಆಫೀಸಿನಿಂದ ತರಿಸಿಕೊಳ್ಳಿ. ಸೇವೆಗೆ ಸಂಬಂಧವಿಲ್ಲ ಎನ್ನಲು ಕಾರಣ ಕೊಟ್ಟಿದ್ದಾರೆಯೇ ನೋಡಿ. ಭರ್ತಿಯಾಗುವಾಗ ಕಾಯಿಲೆ ದಾಖಲಾಗಿರದಿದ್ದರೆ ಅನುಮಾನದ ಲಾಭ ಸೈನಿಕನಿಗೇ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಂವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ, ಆದ್ದರಿಂದ ನಿವೃತ್ತಿಯ ದಿನಾಂಕ ಮುಖ್ಯ.

ಎಲುಬು-ಕೀಲು ತಜ್ಞರಿಂದ ‘ಬೆನ್ನುನೋವಿದೆ’ ಎಂದಷ್ಟೇ ಬರೆಸಿಕೊಂಡರೆ ಪ್ರಯೋಜನವಿಲ್ಲ. ಅಂಗಾತ ಮಲಗಿ ಕಾಲನ್ನು ನೆಟ್ಟಗೆ ಎತ್ತಿದಾಗ ಎಷ್ಟು ಡಿಗ್ರಿಗೆ ನೋವು ಸೆಳೆಯುತ್ತದೆ, ವೈದ್ಯರು ಒತ್ತಿ ಹಿಡಿದಾಗ ಹೆಬ್ಬೆರಳು ಮೇಲೇಳುತ್ತದೆಯೇ, ಪಾದದ ಯಾವ ಭಾಗಕ್ಕೆ ಸ್ಪರ್ಶ ತಿಳಿಯದು, ಎಷ್ಟು ಹೊತ್ತು ನಿಲ್ಲಬಲ್ಲಿರಿ ಎಂಬುದೆಲ್ಲ ಅದರಲ್ಲಿರಲಿ. ನಮ್ಮ ಕಡೆಯ ಮಿಲ್ಟ್ರಿ ಮಂದಿ ಪರೀಕ್ಷೆಯ ಮಂಚದ ಮೇಲೂ ಹಲ್ಲು ಕಚ್ಚಿ ನೋವು ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಗ್ಗಿಸಿಯೂ ಹೇಳಬೇಡಿ.

ತಿರಸ್ಕಾರದ ಪತ್ರ ಕೈಸೇರಿದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹೋಗಬೇಕು. ತಡವಾಗಿದ್ದರೆ ಕಾರಣ ಬರೆದು ಕಳಿಸಿ. ಅಲ್ಲಿ ಆಗದಿದ್ದರೆ ಎರಡನೇ ಮೇಲ್ಮನವಿ, ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಬೆಳಗಾವಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. 2014ರ ರಾಮ್ ಅವತಾರ್ ತೀರ್ಪಿನ ಪ್ರಕಾರ, ಅವಧಿ ಮುಗಿಸಿ ನಿವೃತ್ತರಾದವರಿಗೂ ಒಪ್ಪಿತವಾದ ಶೇ 20ನ್ನು 50 ಎಂದು ಲೆಕ್ಕ ಹಿಡಿಯಬೇಕು. ಹಳೆಯ ನಿಯಮದಡಿ ಬರುವವರು ಇದನ್ನು ಬಿಟ್ಟುಕೊಡಬಾರದು.

ಪ್ರಶ್ನೆ: ಮೊಣಕಾಲು ಸವೆತಕ್ಕೆ ಅಂಗವೈಕಲ್ಯ ಪಿಂಚಣಿ ಬರುತ್ತಿದೆ. ಈಗ ಸವೆತ ಹೆಚ್ಚಾಗಿ, ಯುಡಿಐಡಿ ಕಾರ್ಡಿನಲ್ಲಿ ಶೇ 45 ಎಂದು ಬಂದಿದೆ. ಪಿಂಚಣಿ ಹೆಚ್ಚುತ್ತದೆಯೇ?
– ಓದುಗರು, ಹುಕ್ಕೇರಿ

ಉತ್ತರ: ಕಾರ್ಡಿನಿಂದ ಹೆಚ್ಚುವುದಿಲ್ಲ. ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೌಲಭ್ಯಗಳಿಗೆ. ಪಿಂಚಣಿಗೆ ಸೇನೆಯ ವೈದ್ಯಕೀಯ ಮಂಡಳಿಯ ಮರುಪರಿಶೀಲನೆ ಕೇಳಿ ಅರ್ಜಿ ಹಾಕಿ. ನಿಂತು ತೆಗೆಸಿದ ಮೊಣಕಾಲಿನ ಎಕ್ಸ್‌ರೇ ಜೊತೆಗಿರಲಿ.

ಪ್ರಶ್ನೆ: ನಮ್ಮ ಯಜಮಾನರು ಮಾಜಿ ಸೈನಿಕರು. ಬಿಪಿ ಇದೆ, ಬೆನ್ನಿಗೆಂದು ದಿನಾ ನೋವಿನ ಮಾತ್ರೆ ನುಂಗುತ್ತಾರೆ.
– ಗೃಹಿಣಿ, ಗೋಕಾಕ

ಉತ್ತರ: ನಿಲ್ಲಿಸಲು ಹೇಳಿ ಅವ್ವಾ, ಕಿಡ್ನಿಗೆ ಅಪಾಯ. ಬೆಳಗಾವಿಯ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಕರೆದೊಯ್ದು ಬೇರೆ ಔಷಧ ಬರೆಸಿ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ, ತೊಡೆ ಸಂದು ಮರಗಟ್ಟಿದರೆ ಯಾವ ಅರ್ಜಿಗೂ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.