ಉಪವಾಸದ ದಿನ ಉಳಿದ ಧಾನ್ಯ

ಅಷ್ಟಮಿಯಂದು ಮನೆಯ ಮೂವರು ಉಪವಾಸವಿದ್ದರೆ, ಅಂದು ಬೇಯಿಸದೆ ಉಳಿದ ಅಕ್ಕಿ ಯಾರದು? ಹೀಗೆ ಕೇಳಿದರೆ ಹಿರಿಯರಲ್ಲಿ ಅನೇಕರು ನಕ್ಕುಬಿಡುವುದುಂಟು. ಡಬ್ಬಿಯಲ್ಲಿ ಉಳಿದ ಅಕ್ಕಿ ಮನೆಯದೇ, ನಾಳಿನ ಪಾರಣೆಗೆ ಆಗುತ್ತದೆ ಎಂಬುದು ಅವರ ಉತ್ತರ. ಉಪವಾಸವು ಕರ್ಮನಿರ್ಜರೆಗಾಗಿ ಆಚರಿಸತಕ್ಕ ತಪಸ್ಸೇ ಹೊರತು ಧಾನ್ಯ ಉಳಿಸುವ ಉಪಾಯವಲ್ಲವೆಂಬುದೂ ಸತ್ಯ. ಆದರೂ ಹಸಿವಿನ ನಿವಾರಣೆಗಾಗಿ ಲೋಕದಲ್ಲಿ ನಡೆದ ಕೆಲವು ಸಾರ್ವಜನಿಕ ಆಂದೋಲನಗಳನ್ನು ಪರಿಶೀಲಿಸಿದರೆ, ಶ್ರಾವಕನು ಈ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಬದಿಗಿಡಲಾಗದೆಂದು ತೋರುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ಶಿಕ್ಷಾವ್ರತಗಳನ್ನು ಹೇಳುವಾಗ ದೇಶಾವಕಾಶಿಕ, ಸಾಮಾಯಿಕಗಳ ನಂತರ ಪ್ರೋಷಧೋಪವಾಸವನ್ನೂ ಅದರ ಬೆನ್ನಿಗೇ ವೈಯಾವೃತ್ಯವನ್ನೂ ಇರಿಸಿದ್ದಾರೆ. ದಾನದ ವಿಚಾರವೆಲ್ಲ ಈ ಕಡೆಯ ವ್ರತದಲ್ಲಿಯೇ ಬರುತ್ತದೆ. ತಾನು ಆಹಾರ ತ್ಯಜಿಸುವುದು, ಪರರಿಗೆ ಆಹಾರ ನೀಡುವುದು: ಇವೆರಡೂ ಅಕ್ಕಪಕ್ಕದ ವ್ರತಗಳು. ಆದರೆ ಒಂದೇ ವ್ರತವಲ್ಲ. ಒಂದನ್ನು ಆಚರಿಸಿದ ಮಾತ್ರಕ್ಕೆ ಇನ್ನೊಂದು ತಾನಾಗಿ ಸಿದ್ಧಿಸುವುದಿಲ್ಲ. ನಮ್ಮ ಮನೆಗಳಲ್ಲಿ ಮೊದಲನೆಯದಕ್ಕೆ ತೋರುವ ಶ್ರದ್ಧೆಯ ಅರ್ಧದಷ್ಟೂ ಎರಡನೆಯದಕ್ಕೆ ಕಾಣದೆಂದು ನನ್ನ ಭಾವನೆ.

1965ರಲ್ಲಿ ಇಡೀ ದೇಶವೇ ಈ ಪ್ರಶ್ನೆಯನ್ನು ಎದುರಿಸಿತು. ಮಳೆ ಕೈಕೊಟ್ಟಿತ್ತು, ಗಡಿಯಲ್ಲಿ ಯುದ್ಧ ನಡೆದಿತ್ತು, ಪಿ.ಎಲ್. 480 ಒಪ್ಪಂದದ ಮೇಲೆ ಅಮೆರಿಕದಿಂದ ಬರುವ ಗೋಧಿಯನ್ನು ನಂಬಿ ಕುಳಿತ ಕಾಲ ಅದು. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಬೇಕೆಂದು ಜನತೆಯನ್ನು ಕೇಳಿಕೊಂಡರು. ಮೊದಲು ತಮ್ಮ ಮನೆಯಲ್ಲಿಯೇ ಆಚರಿಸಿ ನೋಡಿದರೆಂಬ ಮಾತು ಪ್ರಸಿದ್ಧವಾಗಿದೆ. ಸೋಮವಾರ ಸಂಜೆ ಅನೇಕ ಹೋಟೆಲುಗಳು ಬಾಗಿಲು ಮುಚ್ಚಿದವು. ನಾನಾಗ ಬಾಲಕ. ಸೋಮವಾರ ರಾತ್ರಿಯ ಊಟ ಬಿಡಬೇಕಂತೆ ಎಂದು ಯಾರೋ ಹೇಳಿದಾಗ ನಮ್ಮ ಅಜ್ಜಿ, “ರಾತ್ರಿಯೂಟವೇ ಇಲ್ಲದ ನಾವು ಬಿಡುವುದು ಏನನ್ನು?” ಎಂದು ಕೇಳಿದರು. ಬಳಿಕ ತಾವೇ ಯೋಚಿಸಿ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುತ್ತಿದ್ದ ಸಂಜೆಯ ಊಟವನ್ನು ಸೋಮವಾರಗಳಂದು ನಿಲ್ಲಿಸಿದರು.

ಇದನ್ನು ಉಪವಾಸವೆಂದು ಕರೆಯಬಹುದೇ? ಶಾಸ್ತ್ರದ ಪ್ರಕಾರ ಕೂಡದು. ಚತುರ್ವಿಧ ಆಹಾರದ ತ್ಯಾಗ, ಆರಂಭದ ತ್ಯಾಗ, ವಿಷಯ ಕಷಾಯಗಳ ಉಪಶಮ, ಧರ್ಮಧ್ಯಾನ ಇವಿಲ್ಲದೆ ಅದು ಉಪವಾಸವೆನಿಸದು. ಹೆಚ್ಚೆಂದರೆ ಅವಮೌದರ್ಯದ ಛಾಯೆ ಅದರಲ್ಲಿದೆ. ಆದರೆ ಅದರಲ್ಲಿದ್ದ ಒಂದು ಅಂಶ ನಮ್ಮ ಪರ್ವೋಪವಾಸದಲ್ಲಿ ಲೋಪವಾಗಿದೆ. ಬಿಟ್ಟ ತುತ್ತು ಮತ್ತೊಬ್ಬರಿಗೆ ಸಲ್ಲಬೇಕೆಂಬ ಸ್ಪಷ್ಟ ಉದ್ದೇಶವೇ ಆ ಅಂಶ. ಅಮೆರಿಕದ ಆಕ್ಸ್‌ಫಾಮ್ ಸಂಸ್ಥೆ 1974ರಲ್ಲಿ ಆರಂಭಿಸಿದ ವಾರ್ಷಿಕ ಉಪವಾಸವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಒಂದು ದಿನ ಉಣ್ಣದಿದ್ದು, ಉಳಿದ ಊಟದ ಬೆಲೆಯನ್ನು ನಿಧಿಗೆ ಕೊಡಬೇಕು. ಏಕೆಂದರೆ ಒಂದೂರಿನ ಡಬ್ಬಿಯಲ್ಲಿ ಉಳಿದ ಧಾನ್ಯ ಇನ್ನೊಂದೂರಿನ ಹಸಿದವನ ಎಲೆಗೆ ತಾನಾಗಿ ನಡೆದುಹೋಗುವುದಿಲ್ಲ.

ಇಂತಹ ನಿಧಿಗಳಿಂದ ಏನಾಗಬಲ್ಲದೆಂಬುದಕ್ಕೆ ನಿದರ್ಶನವನ್ನು ನಮ್ಮ ದೇಶದಲ್ಲಿಯೇ ಕಾಣಬಹುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1960ರ ಜುಲೈ 1ರಂದು ‘ಹಸಿವಿನಿಂದ ಮುಕ್ತಿ’ ಎಂಬ ಆಂದೋಲನವನ್ನು ಆರಂಭಿಸಿತು. (ಮುಕ್ತಿ ಎಂಬ ಶಬ್ದ ನಮ್ಮ ಕಿವಿಗೆ ಬೇರೊಂದು ಅರ್ಥದಲ್ಲಿ ಪರಿಚಿತವಾದುದರಿಂದ ಈ ಹೆಸರು ಮೊದಲಿಗೆ ವಿಚಿತ್ರವೆನಿಸಬಹುದು.) ಆಗ ಆ ಸಂಸ್ಥೆಯ ಮಹಾನಿರ್ದೇಶಕರಾಗಿದ್ದವರು ಬಿನಯ್ ರಂಜನ್ ಸೇನ್. 1943ರ ಬಂಗಾಳದ ಕ್ಷಾಮವನ್ನು ಅಧಿಕಾರಿಯಾಗಿ ಹತ್ತಿರದಿಂದ ಕಂಡವರು. ಸರಕಾರಗಳ ಕೊಡುಗೆಯನ್ನಷ್ಟೇ ನೆಚ್ಚದೆ ಸಾಮಾನ್ಯ ಜನರಿಂದಲೇ ಹಣ ಕೂಡಿಸುವುದು, ಆ ಹಣವನ್ನು ಹಂಚಿ ಮುಗಿಸದೆ ಬೇಸಾಯದ ಯೋಜನೆಗಳಲ್ಲಿ ತೊಡಗಿಸುವುದು ಆಂದೋಲನದ ಕ್ರಮವಾಗಿತ್ತು. 1963ರ ಮಾರ್ಚ್ 21ರಂದು ಭಾರತವೂ ಸೇರಿ ಅನೇಕ ರಾಷ್ಟ್ರಗಳು ಇದರ ಅಂಚೆಚೀಟಿಗಳನ್ನು ಹೊರಡಿಸಿದವು. ಇದೇ ಆಂದೋಲನದ ಅಂಗವಾಗಿ ಬ್ರಿಟನ್ನಿನ ಆಕ್ಸ್‌ಫಾಮ್ ನೀಡಿದ ನೆರವಿನಿಂದ ಗುಜರಾತಿನ ಆನಂದದ ಬಳಿ ಕಂಜರಿಯಲ್ಲಿ ಒಂದು ಪಶುಆಹಾರದ ಕಾರ್ಖಾನೆ ಎದ್ದಿತು. 1964ರ ಅಕ್ಟೋಬರ್ 31ರಂದು ಅದನ್ನು ಉದ್ಘಾಟಿಸಿದವರು ಶಾಸ್ತ್ರಿಗಳೇ. ಹಿಂದಿನ ರಾತ್ರಿ ಅವರು ಸಮೀಪದ ಒಂದು ಹಳ್ಳಿಯಲ್ಲಿ ರೈತನ ಮನೆಯಲ್ಲಿ ತಂಗಿ, ಹಾಲು ಉತ್ಪಾದಕರ ಸಹಕಾರ ಸಂಘ ನಡೆಯುವ ಬಗೆಯನ್ನು ಕೇಳಿ ತಿಳಿದರು. ಮರುವರ್ಷವೇ, 1965ರಲ್ಲಿ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು.

ಎಲ್ಲಿಯೋ ಯಾರೋ ನೀಡಿದ ಚಿಲ್ಲರೆ ಕಾಸು ಇಲ್ಲಿ ಹಿಂಡಿ ಬೂಸಾ ಆಯಿತು, ಎಮ್ಮೆಯ ಹಾಲಾಯಿತು, ಹಾಲಿನ ಹಣ ಬಡವನ ಮನೆಯ ರೊಟ್ಟಿಯಾಯಿತು. ಧಾನ್ಯವನ್ನೇ ನೇರವಾಗಿ ಕೊಡಬಾರದಿತ್ತೇ ಎಂದು ಕೇಳುವವರು ಅಮರ್ತ್ಯ ಸೇನ್ 1981ರಲ್ಲಿ ಬರೆದುದನ್ನು ನೆನೆಯಬೇಕು. ಬಂಗಾಳದಲ್ಲಿ ಜನ ಸತ್ತದ್ದು ಮುಖ್ಯವಾಗಿ ಧಾನ್ಯದ ಅಭಾವದಿಂದಲ್ಲ, ಏರಿದ ಬೆಲೆಗೆ ಅದನ್ನು ಕೊಳ್ಳುವ ಶಕ್ತಿ ಅವರಲ್ಲಿ ಉಳಿಯದಿದ್ದುದರಿಂದ ಎಂದು ಅವರು ತೋರಿಸಿದರು. ಕ್ಷಾಮ ಬಂದೆರಗಿದಾಗ ಗಂಜಿಯೇ ಬೇಕು, ಅದರಲ್ಲಿ ಸಂಶಯವಿಲ್ಲ. ಉಳಿದ ಕಾಲದಲ್ಲಿ ಗಳಿಕೆಯ ದಾರಿಯೇ ಆಹಾರದಾನ.

ಕೊಡುವ ವಿಧಿಯನ್ನು ಅರಿಯಬೇಕೆಂಬುದು ನಮ್ಮ ಪುರಾಣವೂ ಕಲಿಸಿದ ಪಾಠ. ಆದಿನಾಥ ಸ್ವಾಮಿ ಆಹಾರಕ್ಕಾಗಿ ವಿಹರಿಸುತ್ತಿದ್ದಾಗ ಜನರು ಆನೆ ಕುದುರೆ ರತ್ನಗಳನ್ನು ಭಕ್ತಿಯಿಂದ ತಂದು ಒಡ್ಡಿದರು. ಬೇಕಾದುದನ್ನು ಅರಿತು ಕಬ್ಬಿನ ರಸವನ್ನಿತ್ತವನು ಹಸ್ತಿನಾಪುರದ ಶ್ರೇಯಾಂಸನೊಬ್ಬನೇ. ಅದು ಪಾತ್ರದಾನ, ಹಸಿದವನಿಗೆ ನೀಡುವುದು ಕರುಣಾದಾನ; ಎರಡನ್ನೂ ಬೆರೆಸಬಾರದು. ಆದರೆ ಎರಡಕ್ಕೂ ವಿವೇಕ ಒಂದೇ.

ಬೇಸಾಯಕ್ಕೆ ಹಣ ಕೊಟ್ಟರೆ ಹಿಂಸೆಗೆ ಅನುಮೋದನೆಯಾಗದೇ ಎಂಬ ಶಂಕೆ ಹಲವರಲ್ಲಿದೆ. ಅಸಿ ಮಸಿಗಳೊಡನೆ ಕೃಷಿಯನ್ನೂ ಕಲಿಸಿದವರು ಆ ಆದಿನಾಥರೇ. ನೇಗಿಲಿನ ಹಿಂಸೆ ಉದ್ಯೋಗೀ ಹಿಂಸೆ. ಗೃಹಸ್ಥನು ಅದನ್ನು ಯತ್ನಾಚಾರದಿಂದ ತಗ್ಗಿಸಬಲ್ಲನೇ ಹೊರತು ಪೂರ್ತಿ ಬಿಡಲಾರನು. ಆದರೆ ಹಸಿವಿನ ನಿವಾರಣೆಯ ಹೆಸರಿನಲ್ಲಿ ಮೀನು ಕೋಳಿಗಳ ಸಾಕಣೆಯ ಯೋಜನೆಗಳೂ ನಡೆಯುತ್ತವೆ. ಅವು ಸಂಕಲ್ಪೀ ಹಿಂಸೆಯ ಕಡೆಗೆ ಸಾಗುವಂಥವು. ನಿಧಿಗೆ ಹಣ ಕೊಡುವಾಗ ಬಾವಿಗೆ, ಬೀಜಕ್ಕೆ, ಹೈನಿಗೆಂದು ಉದ್ದೇಶವನ್ನು ಬರೆದುಕೊಡುವುದರಲ್ಲಿ ಸಂಕೋಚವೇನೂ ಬೇಡ. ಹೈನೂ ನಿರ್ದೋಷವಲ್ಲ: ಕರುವಿನ ಪಾಲು, ಗಂಡುಕರುವಿನ ಗತಿ, ಇವನ್ನು ವಿಚಾರಿಸದೆ ಹಾಲನ್ನು ಅಹಿಂಸೆಯ ಆಹಾರವೆನ್ನುವುದು ಸೋಮಾರಿತನ.

ನಮ್ಮವರು ಈ ಮಾರ್ಗದಲ್ಲಿ ನಡೆದೇ ಇಲ್ಲವೆಂದಲ್ಲ. ಚತುರ್ವಿಧ ದಾನಕ್ಕೆ ಹೆಸರಾದ ಧರ್ಮಸ್ಥಳದಲ್ಲಿ ಅನ್ನದಾನ ನಿತ್ಯವೂ ನಡೆದಿದ್ದರೂ, ವೀರೇಂದ್ರ ಹೆಗ್ಗಡೆಯವರು ಅಷ್ಟಕ್ಕೇ ನಿಲ್ಲದೆ 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಸಣ್ಣ ರೈತರಿಗಾಗಿ ಗ್ರಾಮಾಭಿವೃದ್ಧಿ ಯೋಜನೆಯನ್ನು ಆರಂಭಿಸಿದರು. ಆ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಕೆಲವೇ ಕುಟುಂಬಗಳು ಸೇರಿ ಸರದಿಯಂತೆ ಒಬ್ಬರ ಹೊಲದಲ್ಲಿ ಮತ್ತೊಬ್ಬರು ದುಡಿಯುತ್ತಾರೆ. ಹಣವಿಲ್ಲದವನೂ ಶ್ರಮವನ್ನು ಕೊಡಬಲ್ಲನಷ್ಟೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಧಾನ್ಯವೆಂದು ಇಟ್ಟುಕೊಂಡರೆ, ತಿಂಗಳಿಗೆ ಎರಡು ಅಷ್ಟಮಿ, ಎರಡು ಚತುರ್ದಶಿಯಂತೆ ವರ್ಷಕ್ಕೆ 48 ಉಪವಾಸಗಳಲ್ಲಿ ಉಳಿಯುವುದು 19 ಕಿಲೋಗಿಂತ ಅಧಿಕ. ಮೂವರು ವ್ರತಿಗಳ ಮನೆಯಲ್ಲಿ 57 ಕಿಲೋ ದಾಟುತ್ತದೆ. ನಮ್ಮ ಮನೆಯಲ್ಲಿ ಇದು ಹಲವು ವರ್ಷಗಳ ಕಾಲ ಪಾರಣೆಯ ಹೋಳಿಗೆ ಪಾಯಸಗಳಲ್ಲಿ ಕರಗಿಹೋಗುತ್ತಿತ್ತು. ಉಪವಾಸದ ವಾರದ ಖರ್ಚು ಉಳಿದ ವಾರಗಳಿಗಿಂತ ಹೆಚ್ಚೇ ಇರುತ್ತಿತ್ತೆಂದು ಒಮ್ಮೆ ಲೆಕ್ಕ ಬರೆದು ನೋಡಿದಾಗ ನಾಚಿಕೆಯಾಯಿತು.

ಲೆಕ್ಕವಿಟ್ಟರೆ ವ್ರತವು ವ್ಯಾಪಾರವಾಗದೇ, ಫಲದ ಆಶೆಯಿಂದ ನಿದಾನಶಲ್ಯ ತಗಲದೇ ಎಂದು ಸ್ವಾಧ್ಯಾಯದಲ್ಲಿ ಒಬ್ಬ ಸೋದರಿ ಕೇಳಿದ್ದರು. ಪ್ರಶ್ನೆ ಯುಕ್ತವಾದುದೇ. ಕೊಟ್ಟುದಕ್ಕೆ ಪ್ರತಿಯಾಗಿ ಭೋಗವನ್ನು ಬಯಸಿದರೆ ಶಲ್ಯವುಂಟು. ಕೊಡಬೇಕಾದುದನ್ನು ಅಳೆದಿಡುವುದರಲ್ಲಿ ಇಲ್ಲ. ಆದರೂ ಉಪವಾಸದ ದಿನ ಮನಸ್ಸು ಅಕ್ಕಿಯ ಕಡೆಗೆ ಹರಿಯಬಾರದೆಂದು, ಆರಂಭವೂ ಅಂದು ವರ್ಜ್ಯವಾದುದರಿಂದ, ನಾವು ಸಪ್ತಮಿ ತ್ರಯೋದಶಿಗಳಂದೇ, ಪ್ರತ್ಯಾಖ್ಯಾನಕ್ಕೆ ಮೊದಲು, ಮರುದಿನದ ಅಳತೆಯನ್ನು ಬೇರೆ ಡಬ್ಬಿಗೆ ಸುರಿದುಬಿಡುತ್ತೇವೆ. ಧಾನ್ಯ ಬಹುಕಾಲ ನಿಂತರೆ ಹುಳು ಹಿಡಿಯುತ್ತದೆ, ಆಗ ಇನ್ನೊಂದು ಹಿಂಸೆ. ಆದಕಾರಣ ಪ್ರತಿ ತಿಂಗಳ ಕೊನೆಗೆ ಡಬ್ಬಿಯನ್ನು ಬರಿದು ಮಾಡಿ, ಆ ಅಕ್ಕಿಯನ್ನೋ ಅದರ ಬೆಲೆಯನ್ನೋ ಕಳುಹಿಸಿಕೊಡುತ್ತೇವೆ.