ಘಟ್ಟದ ಮಳೆಗೆ ತಕ್ಕ ಹೊದಿಕೆ



1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಬೇಟೆಗೆಂದು ಕಾಡು ಹೊಗುವ ಕಾಲ ಮುಗಿದಿದ್ದರೂ, ಕಾವಲಿಗೋ ಅಧ್ಯಯನಕ್ಕೋ ಚಾರಣಕ್ಕೋ ಅನುಮತಿ ಪಡೆದು ಹಾಸನ ಜಿಲ್ಲೆಯ ಬಿಸಿಲೆ ಘಟ್ಟದ ಕಡೆ ಹೊರಡುವ ತರುಣರು ಹಿಂದಿನ ಬೇಟೆಗಾರರನ್ನು ತೋಯಿಸಿದ ಮಳೆಯನ್ನೇ ಎದುರಿಸಬೇಕಾಗುತ್ತದೆ. ಚನ್ನರಾಯಪಟ್ಟಣದಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಬೀಳುವ ಮಳೆ ಅದೇ ಜಿಲ್ಲೆಯ ಸಕಲೇಶಪುರದ ಘಟ್ಟದಂಚಿನಲ್ಲಿ 2000 ಮಿ.ಮೀ. ದಾಟುವುದರಿಂದ, ಪೇಟೆಯಲ್ಲಿ ಅರ್ಧ ಗಂಟೆ ಸ್ಕೂಟರ್ ಓಡಿಸಲೆಂದು ಕೊಂಡ ರೈನ್‌ಕೋಟು ಅಲ್ಲಿನ ಜಡಿಮಳೆಗೆ ಒದಗೀತೆಂದು ನಂಬುವುದು ತಪ್ಪು.

ಹಿಂದಿನವರು ಕಂಬಳಿಕೊಪ್ಪೆ ಹಾಕಿಕೊಳ್ಳುತ್ತಿದ್ದರು, ಎಂದರೆ ಕಂಬಳಿಯ ಮೂಲೆಯನ್ನು ಒಳಮಡಚಿ ತಲೆಯಿಂದ ಬೆನ್ನಿನ ಮೇಲೆ ಇಳಿಬಿಡುತ್ತಿದ್ದರು. ಹುಣಸೆಬೀಜದ ಸರಿ ಹಚ್ಚಿ ನೇಯ್ದ ಕುರಿಯುಣ್ಣೆ ಬಿರುಸಾಗಿ ನಿಂತು ನೀರನ್ನು ಬಹುಪಾಲು ಜಾರಿಸುತ್ತದೆ, ತೊಯ್ದ ಮೇಲೂ ಮೈಯ ಕಾವನ್ನು ಉಳಿಸುತ್ತದೆ. ತೊಯ್ದಾಗ ಅದರ ಭಾರ ಹೆಚ್ಚುವುದು ನಿಜವಾದರೂ, ಬಿಡಾರದಲ್ಲಿ ಹೊದೆಯಲು ಒಂದು ಕಂಬಳಿ ಇರಲೇಬೇಕು.

ನಡೆಯುವಾಗ ತೊಡುವ ಕೋಟಿನ ವಿಷಯ ಬೇರೆ. ಬೆವರಿನ ಆವಿಯನ್ನು ಹೊರಬಿಟ್ಟು ಮಳೆಹನಿಯನ್ನು ತಡೆಯುವ, ಗೋರ್‌ಟೆಕ್ಸ್‌ನಂಥ ಸೂಕ್ಷ್ಮರಂಧ್ರದ ಪೊರೆಯುಳ್ಳ ಬಟ್ಟೆಗೆ ಇಂದು ಹೆಚ್ಚು ಬೆಲೆಯಿದೆ. ಆದರೆ ಒಳಗಿನ ಗಾಳಿಗಿಂತ ಹೊರಗಿನದು ಒಣಗಿದ್ದಾಗಲೇ ಆ ಆವಿ ಸಲೀಸಾಗಿ ಹೊರಹೋಗುವುದರಿಂದ, ಜುಲೈ ತಿಂಗಳ ಬಿಸಿಲೆಯಲ್ಲಿ ಅದರ ಗುಣ ಬಹಳಷ್ಟು ಕುಗ್ಗುತ್ತದೆ. ಅಷ್ಟು ಹಣವನ್ನು ಗಟ್ಟಿ ನೇಯ್ಗೆಗೆ, ಕಂಕುಳಲ್ಲಿ ಗಾಳಿಯಾಡುವ ಜಿಪ್ಪಿಗೆ, ಸೀಗೆಮೆಳೆಯ ಕೊಕ್ಕೆಮುಳ್ಳಿಗೆ ಬಗ್ಗದ ತೋಳಿಗೆ ಕೊಡುವುದೇ ವಿವೇಕ.

ಕೋಟು ಮೊದಲು ಸೋಲುವುದು ಹೆಗಲಿನಲ್ಲಿ. ಚೀಲದ ಪಟ್ಟಿ ಉಜ್ಜಿ ಉಜ್ಜಿ ಅಲ್ಲಿನ ಲೇಪನ ಸವೆಯುತ್ತದೆ, ಸೂಜಿ ತೂರಿದ ಪ್ರತಿ ರಂಧ್ರವೂ ನೀರಿಗೆ ದಾರಿಯಾಗುತ್ತದೆ. ಕೊಳ್ಳುವ ಮುನ್ನ ಕೋಟನ್ನು ಒಳಮಗ್ಗುಲಾಗಿ ತಿರುವಿ, ಹೊಲಿಗೆಯ ಮೇಲೆ ಅಂಟಿಸಿದ ಟೇಪಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಬೇಕು. ಎದ್ದರೆ ಅದನ್ನು ಅಂಗಡಿಯಲ್ಲೇ ಬಿಡಬೇಕು. ಕೊಂಡ ಮೇಲೆ ಹೆಗಲಿನ ಭಾಗವನ್ನು ಬೊಗಸೆಯಂತೆ ಹಿಡಿದು, ಒಂದು ಚೊಂಬು ನೀರು ಹುಯ್ದು, ಅಡಿಯಿಂದ ಹೆಬ್ಬೆರಳಲ್ಲಿ ಒತ್ತಿ ಉಜ್ಜಿದಾಗ ಬೆರಳು ತೇವವಾಗಬಾರದು. ಒದ್ದೆ ಕೋಟನ್ನು ಮಡಚಿ ಚೀಲಕ್ಕೆ ತುರುಕಿದರೆ ಒಳಗಿನ ಪಾಲಿಯುರೆಥೇನ್ ಲೇಪನ ತೇವಕ್ಕೆ ಕ್ರಮೇಣ ಜಿಗುಟಾಗಿ ಸುಲಿಯುವುದರಿಂದ, ಅದನ್ನು ಒಲೆಯ ಬಳಿ ಒಣಗಿಸದೆ ನೆರಳಿನ ಹಗ್ಗದಲ್ಲೇ ಹರಡಬೇಕು.

ತಲೆಮುಸುಕಿನ ಆಯ್ಕೆಯಲ್ಲಿ ಜೀವದ ಪ್ರಶ್ನೆಯೇ ಇದೆ. ಆಲೂರು, ಸಕಲೇಶಪುರದ ಕಾಡು ಮತ್ತು ಕಾಫಿ ತೋಟಗಳಲ್ಲಿ ಆನೆ ಓಡಾಡುತ್ತಿರುವಾಗ, ಪ್ಲಾಸ್ಟಿಕ್ಕಿನ ಸರಬರ ಸದ್ದೂ ಕಿವಿ ಮುಚ್ಚಿದ ಮುಸುಕೂ ಬಿದಿರು ಮುರಿಯುವ ಶಬ್ದವನ್ನು ನುಂಗಿಬಿಡುತ್ತವೆ. ಆದಕಾರಣ ಅಲ್ಲಿ ಮುಸುಕನ್ನು ಬೆನ್ನಿಗಿಳಿಸಿ, ಅಂಚು ಅಗಲವಾದ ಟೋಪಿ ಹಾಕಿ, ಕಿವಿ ತೆರೆದಿಟ್ಟೇ ನಡೆಯಬೇಕು. ಕುತ್ತಿಗೆಯೊಳಗೆ ಒಂದಿಷ್ಟು ನೀರು ಇಳಿದರೆ ಇಳಿಯಲಿ.