ದುಡ್ಡು ಕಟ್ಟಿ ಮಾಡೆಲ್ ಆಗಬೇಕಿಲ್ಲ

ಪ್ರಶ್ನೆ: ನನಗೆ 19 ವರ್ಷ. ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಮಾಡೆಲ್ ಆಗುವಾಸೆ. ಬೆಂಗಳೂರಿನ ಏಜೆನ್ಸಿಯೊಂದು ನೋಂದಣಿ ಮತ್ತು ಪೋರ್ಟ್‌ಫೋಲಿಯೊಗೆ 60 ಸಾವಿರ ರೂಪಾಯಿ ಕೇಳುತ್ತಿದೆ. ಕಟ್ಟಲೇ?

ಉತ್ತರ: ಕಟ್ಟಬೇಡಿ. ಒಳ್ಳೆಯ ಏಜೆನ್ಸಿ ನಿಮಗೆ ಕೆಲಸ ಕೊಡಿಸಿ, ಆ ಸಂಭಾವನೆಯಲ್ಲಿ ಕಮಿಷನ್ ಹಿಡಿಯುತ್ತದೆ. ಮೊದಲೇ ಹಣ ಪಡೆದವರಿಗೆ ನಿಮಗೆ ಕೆಲಸ ಹುಡುಕುವ ತುರ್ತು ಉಳಿಯುವುದಿಲ್ಲ. ‘ಒಳ್ಳೆಯ ಫೋಟೊ ಇಲ್ಲದಿದ್ದರೆ ಯಾರು ನೋಡುತ್ತಾರೆ?’ ಎಂದು ನೀವು ಕೇಳಬಹುದು. ಏಜೆನ್ಸಿಗಳು ಮೊದಲು ನೋಡುವುದು ಮೇಕಪ್ ಇಲ್ಲದ ಸಾದಾ ಚಿತ್ರಗಳನ್ನೇ. ಹಗಲು ಬೆಳಕಿನಲ್ಲಿ, ಖಾಲಿ ಗೋಡೆಯ ಮುಂದೆ, ಮೈಗೊಪ್ಪುವ ಸರಳ ಉಡುಪಿನಲ್ಲಿ ಮುಖ, ಪಕ್ಕನೋಟ, ಪೂರ್ಣ ನಿಲುವಿನ ಚಿತ್ರಗಳನ್ನು ಮೊಬೈಲಿನಲ್ಲೇ ತೆಗೆಸಿ, ಎತ್ತರ ಮತ್ತು ಅಳತೆ ಬರೆದು ಕಳಿಸಿ.

ಓದು ಬಿಡಬೇಡಿ. ಬೇರೆ ಆಸರೆ ಇದ್ದವರಿಗೆ ಒಲ್ಲದ ಕೆಲಸವನ್ನು ನಿರಾಕರಿಸುವ ಧೈರ್ಯ ಇರುತ್ತದೆ. ಈ ವೃತ್ತಿಯ ಸಂತೋಷ ಉಳಿಯುವುದೂ ಆಗಲೇ. ಕರಾರಿನ ಅವಧಿ, ಚಿತ್ರಬಳಕೆಯ ಹಕ್ಕು, ಬೇರೆಡೆ ದುಡಿಯದಂತೆ ತಡೆಯುವ ಷರತ್ತುಗಳನ್ನು ವಕೀಲರಿಗೆ ತೋರಿಸಿಯೇ ಸಹಿ ಹಾಕಿ. ತೂಕ ಇಳಿಸಲು ಊಟ ಬಿಟ್ಟು ಮುಟ್ಟು ನಿಂತರೆ ತಕ್ಷಣ ವೈದ್ಯರನ್ನು ಕಾಣಿ. ಆನ್‌ಲೈನ್‌ನಲ್ಲಿ ಹಣ ಕಳಿಸಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.